ಉಪ್ಪಿನ ಪಕ್ಷದ ಬಾಯಾರು

ಬಾಯಾರ ಮಣ್ಣಿಗೆ ಹೋದ ದಿನ ಸ್ಮಶಾನದ ಗೇಟಿನಲ್ಲೇ ಜಗಳ ಶುರುವಾಯಿತು. ಪ್ರಾರ್ಥನೆ ಮುಗಿದು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದೆವು. ಧಾರವಾಡದ ನಮ್ಮ ಹಳೆಯ ಫಿಲ್ಮ್ ಸೊಸೈಟಿಗೆ ಅಧ್ಯಕ್ಷರಾಗಿದ್ದ ವಕೀಲರು ಗೇಟಿನ ಕಂಬಕ್ಕೆ ಒರಗಿ ನಿಂತು, ಯಾರೂ ಕೇಳದಿದ್ದರೂ, "ಏನರೆ ಅನ್ರಿ, ಆ ಕುದರಿ ಸಿನಿಮಾದ ಎರಡನೇ ಭಾಗದ ಮುಂದ ಯಾವುದೂ ನಿಲ್ಲೂದಿಲ್ಲ" ಎಂದರು. ಸೊಸೈಟಿಯ ಖಜಾಂಚಿಯಾಗಿದ್ದವರು ಒಂದು ಕಾಲಿಗೆ ಚಪ್ಪಲಿ ಹಾಕಿದವರು ಹಾಗೇ ನಿಂತುಬಿಟ್ಟರು.

"ಇವತ್ತೊಂದಿನಾ ಸುಮ್ನಿರ್ರಿ ವಕೀಲರ."

"ಯಾಕ ಸುಮ್ನಿರಬೇಕು? ಉತ್ತರಾ ಕೊಡ್ಲಿಕ್ಕೆ ಬಾಯಾರು ಇಲ್ಲ. ನೀವರೆ ಕೊಡ್ರಿ."

ಖಜಾಂಚಿ ಕೊಟ್ಟರು. ಹಿಂದಿನಿಂದ ಇನ್ನಿಬ್ಬರು ಸೇರಿಕೊಂಡರು. ದನಿ ಏರಿತು. ಪ್ರಾರ್ಥನೆ ನಡೆಸಿದ ಚರ್ಚಿನ ಸಭಾಪಾಲಕರು ಗಾಬರಿಯಿಂದ ನನ್ನ ಹತ್ತಿರ ಬಂದು, "ಏನಾತ್ರಿ ಮೇಡಂ, ಏನರೆ ಆಸ್ತಿ ವಿಷಯೇನ್ರಿ?" ಎಂದು ಕೇಳಿದರು.

"ಏನಿಲ್ರಿ. ಬಾಯಾರ ಬಗ್ಗೆನ ಮಾತಾಡಾಕತ್ತಾರ" ಎಂದೆ. ಸುಳ್ಳೇನೂ ಹೇಳಲಿಲ್ಲ. ಜಗತ್ತಿನ ಸಿನಿಮಾಗಳಲ್ಲಿ ಅತಿ ಶ್ರೇಷ್ಠವಾದ ತ್ರಿವಳಿ, ಅಂದರೆ ಒಂದೇ ಕಥೆ ಹೇಳುವ ಮೂರು ಸಿನಿಮಾ, ಯಾವುದು ಎಂಬ ಈ ಜಗಳವನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಹಚ್ಚಿದವರೇ ಅವರು.

ಆ ಸಿನಿಮಾಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಬಾಯಾರನ್ನು ಬಿಟ್ಟು ಸಿನಿಮಾದ ಬೆನ್ನು ಹತ್ತುತ್ತೀರಿ. ನಿಮ್ಮ ಮನೆಯಲ್ಲೂ ಜಗಳ ಶುರುವಾಗುತ್ತದೆ. ಬಾಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುವುದು ರೂಢಿ. ಕಾಲೇಜಿನಲ್ಲಿ ಉಳಿದವರೆಲ್ಲ ಮೇಡಂ ಆಗಿದ್ದೆವು. ಅವರೊಬ್ಬರೇ ಬಾಯಾರಾಗಿ ಉಳಿದಿದ್ದರು.

ತೊಂಬತ್ತರ ದಶಕದ ಮೊದಲಿಗೆ ನಾನು ಹುಬ್ಬಳ್ಳಿಯ ಆ ಕಾಲೇಜಿಗೆ ಇತಿಹಾಸ ಕಲಿಸಲು ಸೇರಿದೆ. ಸುಳ್ಳ ಊರಿನಿಂದ ಬಂದವಳು, ಆಗಿನ್ನೂ ಸ್ಟಾಫ್ ರೂಮಿನಲ್ಲಿ ಕುರ್ಚಿಯ ತುದಿಗೆ ಕೂರುವವಳು. ಗಣಿತದ ಬಾಯಾರು ಮೊದಲ ದಿನವೇ ಕೇಳಿದರು, "ಯಾವೂರವಾ ನಿಂದು?"

"ಸುಳ್ಳ ರೀ."

"ಊರು ಕೇಳಿದ್ರ ಸುಳ್ಳ ಅಂತೀಯಲ್ಲ, ನಂಬೂದ ಹೆಂಗ?" ಎಂದು ಗಟ್ಟಿಯಾಗಿ ನಕ್ಕರು. ಆ ನಗೆ ವರಾಂಡದ ತುದಿಯವರೆಗೆ ಕೇಳುತ್ತಿತ್ತು. ಎತ್ತರದ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಚರ್ಚಿನ ಗಾಯನ ಮಂಡಳಿಯಲ್ಲಿ ಕೆಳದನಿಯ ಸಾಲಿನಲ್ಲಿ ಹಾಡುತ್ತಿದ್ದರು. ಮಾತನಾಡುವಾಗಲೂ ದನಿ ಅಲ್ಲಿಂದಲೇ ಬರುತ್ತಿತ್ತು, ಹೊಟ್ಟೆಯ ಆಳದಿಂದ. ಮದುವೆಯಾಗಿರಲಿಲ್ಲ. ಬೆಂಗೇರಿಯಲ್ಲಿ ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಮಾಡಿದವರಿಗೆ, "ನನ್ನ ಕೂಡ ಮೂರು ತಾಸು ಸುಮ್ಮನ ಕುಂತು ಸಿನಿಮಾ ನೋಡೂ ಗಂಡಸು ಸಿಗಲಿಲ್ಲ" ಎನ್ನುತ್ತಿದ್ದರು.

ನಾನು ಸೇರಿದ ಎರಡನೇ ವಾರಕ್ಕೇ ಶನಿವಾರ ಸಂಜೆ ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಕಾಲೇಜೊಂದರ ಸಭಾಂಗಣದಲ್ಲಿ ಫಿಲ್ಮ್ ಸೊಸೈಟಿಯವರು ಸಿನಿಮಾ ತೋರಿಸುತ್ತಿದ್ದರು. ರೀಲಿನ ಡಬ್ಬಿಗಳು ಪುಣೆಯಿಂದಲೋ ಬೆಂಗಳೂರಿನಿಂದಲೋ ಬಸ್ಸಿನಲ್ಲಿ ಬರಬೇಕು. ಒಮ್ಮೊಮ್ಮೆ ಸಿನಿಮಾದ ಕೊನೆಯ ಡಬ್ಬಿ ಮೊದಲು ಬಂದು, ಮೊದಲನೆಯದು ಬರುತ್ತಲೇ ಇರಲಿಲ್ಲ. ಮುರುಕು ಕುರ್ಚಿ, ಗೋಡೆಗೆ ಕಟ್ಟಿದ ಬಿಳಿ ಪರದೆ, ಹೊರಗೆ ಮಂಡಕ್ಕಿ ಗಿರ್ಮಿಟ್ ಮಾರುವವನು. ನಾನು ಅದುವರೆಗೆ ನೋಡಿದ ಸಿನಿಮಾಗಳಲ್ಲಿ ಹಾಡು ಬಂದಾಗ ಜನ ಶಿಳ್ಳೆ ಹೊಡೆಯುತ್ತಿದ್ದರು. ಇಲ್ಲಿ ಸಿನಿಮಾ ಮುಗಿದ ಮೇಲೆ ಜಗಳವಾಡುತ್ತಿದ್ದರು. ನನಗೆ ಈ ಜಗಳವೇ ಹೆಚ್ಚು ಹಿಡಿಸಿತು.

ಬಾಯಾರಿಗೆ ಬಿಡಿ ಸಿನಿಮಾಗಳ ಮೇಲೆ ಅಷ್ಟು ಆಸಕ್ತಿ ಇರಲಿಲ್ಲ. "ಒಂದು ಛಲೋ ಸಿನಿಮಾ ಯಾರರೆ ಮಾಡ್ತಾರ. ಪುಣ್ಯಾ ಇದ್ರ ಎರಡೂ ಮಾಡ್ತಾರ. ಮೂರನೇದ್ರಾಗ ಮನುಷ್ಯಾ ಗೊತ್ತಾಗ್ತಾನ." ಒಮ್ಮೆ ಸ್ಟಾಫ್ ರೂಮಿನಲ್ಲಿ ಇದನ್ನು ಸೀಮೆಸುಣ್ಣದಿಂದ ಮೇಜಿನ ಮೇಲೇ ಬರೆದು ತೋರಿಸಿದರು. ಎರಡು ಚುಕ್ಕೆ ಇಟ್ಟು ನಡುವೆ ಗೆರೆ ಎಳೆದರು. "ಎರಡು ಚುಕ್ಕಿ ಎಲ್ಲಿ ಇಟ್ರೂ ನೆಟ್ಟಗ ಒಂದು ಗೆರಿ ಎಳೀಬಹುದು. ಅದ್ರಾಗೇನೂ ಶ್ಯಾಣ್ಯಾತನ ಇಲ್ಲ. ಮೂರನೇ ಚುಕ್ಕಿ ಅದ ಗೆರಿ ಮ್ಯಾಲೆ ಬಂದು ಕುಂತ್ರ, ಆಗ ನಾ ಟೋಪಿ ತೆಗೀತೇನಿ." ಮೊದಲನೆಯದು ಗೆದ್ದಿತೆಂದು ಎರಡನೆಯದು, ಎರಡನೆಯದು ಗೆದ್ದಿತೆಂದು ಮೂರನೆಯದು ತೆಗೆದರೆ ಅದಕ್ಕೆ ಅವರು "ಅಂಗಡಿ" ಎನ್ನುತ್ತಿದ್ದರು.

ಹಾಗೆಂದು ದೊಡ್ಡ ಸಿನಿಮಾ, ಸಣ್ಣ ಸಿನಿಮಾ ಎಂಬ ಭೇದ ಅವರಲ್ಲಿ ಇರಲಿಲ್ಲ. ನಮ್ಮ ಕಾಲೇಜಿನ ಪ್ಯೂನ್ ಒಂದು ದಿನ, ಒಬ್ಬನೇ ನಾಯಕ ನಟಿಸಿದ ಮೂರು ದೇವರ ಸಿನಿಮಾಗಳ ಹೆಸರು ಹೇಳಿ, ಇದೂ ತ್ರಿವಳಿಯೇ ಎಂದ. ಉಳಿದವರು ನಕ್ಕರು. ಬಾಯಾರು ನಗಲಿಲ್ಲ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತ ಕೇಳಿದರು, "ಮೊದಲನೇದ್ರಾಗ ಅಂವಾ ತಪ್ಪು ಮಾಡಿದ್ದಕ್ಕ ಮೂರನೇದ್ರಾಗ ಅನುಭವಿಸ್ತಾನೇನಪಾ?" ಅವನು ಯೋಚಿಸಿ, "ಇಲ್ರಿ, ಒಂದೊಂದ್ರಾಗ ಒಬ್ಬೊಬ್ಬ ದೇವರು" ಎಂದ. "ಹಂಗಾದ್ರ ಅವು ಬ್ಯಾರೆ ಬ್ಯಾರೆ ಮೂರು. ಆದ್ರ ಎರಡನೇದು ಛಲೋ ಐತಿ, ನಾನೂ ನೋಡೇನಿ" ಎಂದರು. ಅವನು ಖುಷಿಯಿಂದ ಇನ್ನೊಂದು ಕಪ್ಪು ಚಹಾ ತಂದ.

ಧಾರವಾಡದ ಬಸ್ಸಿನಲ್ಲೂ ಇದೇ ನಡೆಯುತ್ತಿತ್ತು. ಬಾಯಾರು ಯಾವಾಗಲೂ ಬಾಗಿಲ ಹತ್ತಿರದ ಮುಂದಿನ ಸೀಟು ಹಿಡಿಯುವರು. ಶನಿವಾರದ ಕಂಡಕ್ಟರಿಗೆ ಪರಿಚಯವಾಗಿ, "ಬಾಯಾರ, ಇವತ್ತ ಯಾವ ಮೂರ್ರಿ?" ಎಂದು ಕೇಳುತ್ತಲೇ ಟಿಕೆಟ್ ಹರಿಯುತ್ತಿದ್ದ. ನವನಗರ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಹುಡುಗರೂ ತಮ್ಮ ತಮ್ಮ ಪಕ್ಷ ಹೇಳಿಕೊಂಡಿರುತ್ತಿದ್ದರು.

ಸೊಸೈಟಿಯಲ್ಲಿ ಪಕ್ಷ ಎರಡೇ, ಉಪ್ಪು ಮತ್ತು ಕುದುರೆ. ಕುದುರೆ ಸಿನಿಮಾಗಳು ಎಂದರೆ ಬಣ್ಣದ, ಭಾರೀ ಯುದ್ಧದ ಮೂರು ಚಿತ್ರಗಳು. ಅಣ್ಣತಮ್ಮಂದಿರು, ಬೆಟ್ಟಗಳು, ಸಾವಿರ ಕುದುರೆ ನದಿ ದಾಟುವುದು. ಅದರ ಮುಖಂಡರು ವಕೀಲರು. ಉಪ್ಪಿನ ಸಿನಿಮಾಗಳು ಕಪ್ಪುಬಿಳುಪಿನವು. ಯಾವುದೋ ತಣ್ಣನೆಯ ದೇಶದ ಸಮುದ್ರ ದಂಡೆ, ಉಪ್ಪಿನ ಆಗರದಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು. ಮೊದಲನೆಯದರಲ್ಲಿ ಅವಳು ಹುಡುಗಿ, ಎರಡನೆಯದರಲ್ಲಿ ಹೆಂಡತಿ, ಮೂರನೆಯದರಲ್ಲಿ ಮುದುಕಿ. ಮಾತು ಕಡಿಮೆ. ಈ ಪಕ್ಷದಲ್ಲಿ ಮೊದಮೊದಲು ಬಾಯಾರು ಒಬ್ಬರೇ. ನಂತರ ನಾನು, ಖಜಾಂಚಿ, ಹೀಗೆ ಒಬ್ಬೊಬ್ಬರಾಗಿ ಸೇರಿದೆವು.

ಮೊದಲ ಎರಡನ್ನು ಬಾಯಾರು ಪುಣೆಯಲ್ಲಿ ಎಂ.ಎಸ್ಸಿ. ಓದುವಾಗ ನೋಡಿದ್ದರು. ಮೂರನೆಯದಕ್ಕೆ ವರ್ಷಗಟ್ಟಲೆ ಕಾದರು. ಅದು ಧಾರವಾಡಕ್ಕೆ ಬಂದಾಗ ಮುಂದಿನ ಸಾಲಿನಲ್ಲಿ ಕೂತು, ನನ್ನ ಮೊಣಕೈ ಹಿಡಿದು ಹೇಳಿದರು, "ತಂಗಿ, ಕೆಳಗ ಇಂಗ್ಲೀಷಿನ್ಯಾಗ ಮಾತು ಬರ್ತಾವಲ್ಲ, ಅವನ್ನ ನನಗ ಓದಿ ಹೇಳ. ಕನ್ನಡಕಾ ಮನ್ಯಾಗ ಬಿಟ್ಟು ಬಂದೇನಿ." ನಾನು ಪಿಸುದನಿಯಲ್ಲಿ ಓದುತ್ತ ಹೋದೆ. ಕೊನೆಯ ದೃಶ್ಯದಲ್ಲಿ ಮಾತೇ ಇರಲಿಲ್ಲ. ಓದಲು ಏನೂ ಇಲ್ಲದೆ ನಾನೂ ಸುಮ್ಮನೆ ನೋಡಿದೆ. ದೀಪ ಹತ್ತಿದಾಗ ಬಾಯಾರ ಕೆನ್ನೆ ಒದ್ದೆಯಾಗಿತ್ತು. "ಬಂದು ಕುಂತಿತು ನೋಡು ಮೂರನೇ ಚುಕ್ಕಿ" ಎಂದರು.

ಬಸ್ಸಿನಲ್ಲಿ ಬರುತ್ತ, "ಆಕಿ ಎಲ್ಲೂ ಹೋಗೂದಿಲ್ಲ ತಂಗಿ. ಅಲ್ಲೇ ಉಳೀತಾಳ. ಅದರಾಗ ಐತಿ ಎಲ್ಲಾ" ಎಂದೂ ಹೇಳಿದರು. ನಾನು ನೋಡಿದ ದೃಶ್ಯದಲ್ಲಿ ಮುದುಕಿ ಹೊರಟುಹೋಗಿದ್ದಳು. ಆದರೆ ಬಾಯಾರು ಹೇಳಿದ ಮೇಲೆ ಅದರಲ್ಲಿ ಏನೋ ಗಹನ ಅರ್ಥವಿದ್ದೀತು, ದೇಹ ಹೋದರೂ ಮನಸ್ಸು ಅಲ್ಲೇ ಉಳಿಯಿತು ಎಂದೇನೋ ಇದ್ದೀತು ಎಂದುಕೊಂಡೆ. ಬಾಯಾರು ಮಾತನಾಡುವ ರೀತಿಯೇ ಹಾಗಿತ್ತು. ಎದುರಿನವರಿಗೆ ತಮ್ಮ ಕಣ್ಣಿನ ಮೇಲೇ ಸಂಶಯ ಬರಬೇಕು.

ಅದು ಒಂದೇ ಒಂದು ಪ್ರದರ್ಶನ. ಆ ದಿನ ಬಂದ ಜನವೂ ಕಡಿಮೆ.

ದಶಕದ ಕೊನೆಗೆ ಬರುವಷ್ಟರಲ್ಲಿ ಸೊಸೈಟಿ ಕುಂಟತೊಡಗಿತ್ತು. ಮನೆಮನೆಗೆ ಕೇಬಲ್ ಬಂತು, ಗಲ್ಲಿಗೊಂದು ಸಿಡಿ ಅಂಗಡಿಯಾಯಿತು. ಸಭಾಂಗಣದಲ್ಲಿ ಅರ್ಧ ಕುರ್ಚಿ ಖಾಲಿ. ಕಾಲೇಜಿನವರು, ಜನ ಬಾರದಿದ್ದರೆ ಮುಂದಿನ ವರ್ಷದಿಂದ ಜಾಗ ಕೊಡುವುದಿಲ್ಲ ಎಂದುಬಿಟ್ಟರು. ಆಗ ವಕೀಲರು ಒಂದು ಉಪಾಯ ಮಾಡಿದರು. ಮೂರು ಸಂಜೆ ಮೂರು ಸಿನಿಮಾ, ಒಂದು ಪೂರ್ತಿ ತ್ರಿವಳಿ ತೋರಿಸುವುದು. ಒಂದು ತ್ರಿವಳಿಯ ರೀಲು ತರಿಸುವಷ್ಟೇ ಹಣವಿತ್ತು. ಯಾವುದು?

"ಚರ್ಚಾಸ್ಪರ್ಧೆ ಇಡೂಣು" ಎಂದರು ಬಾಯಾರು. "ನೀವು ಕುದರಿ ಪರ, ನಾ ಉಪ್ಪಿನ ಪರ. ಸದಸ್ಯರು ಕೈ ಎತ್ತಲಿ."

"ಬಾಯಾರ, ಉಪ್ಪು ತಂದ್ರ ಜನಾ ಬರೂದಿಲ್ಲರಿ. ಸೊಸೈಟಿ ಮುಳುಗ್ತದ."

"ಮುಳುಗೂದಿದ್ರ ಛಲೋ ಸಿನಿಮಾ ತೋರಿಸಿ ಮುಳುಗಲಿ."

ಚರ್ಚೆಯ ಸುದ್ದಿಗೇ ಸಭಾಂಗಣ ತುಂಬಿತು. ಎಷ್ಟೋ ದಿನದಿಂದ ಮುಖ ತೋರಿಸದ ಸದಸ್ಯರೂ ಬಂದರು. ವಕೀಲರು ಮೊದಲು ಮಾತನಾಡಿದರು. ಕೋರ್ಟಿನಲ್ಲಿ ಹೇಗೋ ಇಲ್ಲಿಯೂ ಹಾಗೇ, ಜೇಬಿನಲ್ಲಿ ಕೈ ಇಟ್ಟುಕೊಂಡು ನಿಧಾನವಾಗಿ. ಕುದುರೆ ನದಿ ದಾಟುವುದನ್ನು ಅವರು ಹೇಳುವಾಗ ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ಹೊಡೆದರು.

ಆಮೇಲೆ ಬಾಯಾರು. ನಾನು ಅವರನ್ನು ಮೈಕಿನವರೆಗೆ ತಲುಪಿಸಿ ಬಂದೆ. ಆಗೀಗ ನನ್ನ ತೋಳು ಹಿಡಿದು ನಡೆಯುವುದು ಅವರಿಗೆ ರೂಢಿ. ಸ್ನೇಹಕ್ಕೆ ಎಂದು ನಾನು ತಿಳಿದಿದ್ದೆ. ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮೊದಲ ಭಾಗದಿಂದ ಶುರುಮಾಡಿ ಕಟ್ಟುತ್ತ ಹೋದರು. ಕೊನೆಗೆ ಬಂದು ಹೇಳಿದರು:

"ಮೂರನೇದ್ರ ಕೊನೇ ದೃಶ್ಯ ನೆನಸ್ರಿ. ಮಗಳು ಬಂಡಿ ತಂದು ಬಾಗಲದಾಗ ನಿಲ್ಲಿಸ್ಯಾಳ, ಅವ್ವನ್ನ ಕರಕೊಂಡು ಹೋಗಾಕ. ಸಣ್ಣ ಮೊಮ್ಮಗಳು ನಗಾಕತ್ತಾಳ. ಮುದುಕಿ ಏನ ಮಾಡ್ತಾಳ? ಒಳಗ ಹೋಗಿ ಬಾಗಲಾ ಹಾಕ್ಕೋತಾಳ. ಕಂದೀಲಾ ತಗೊಂಡು ಮೊಳಿಗೆ ತೂಗ ಹಾಕ್ತಾಳ. ಬಂಡಿ ಬರಿದಾಗಿ ತಿರುಗಿ ಹೋಗ್ತೈತಿ. ಆಕಿ ಉಳೀತಾಳ. ಮೂರು ಸಿನಿಮಾದ ಭಾರ ಆ ಒಂದು ಕಂದೀಲಿನ ಮ್ಯಾಲೆ ನಿಂತೈತಿ."

ಸಭಾಂಗಣದಲ್ಲಿ ಗುಜುಗುಜು. ಮೂರನೆಯದನ್ನು ನೋಡಿದವರು ಪಕ್ಕದವರ ಮುಖ ನೋಡಿದರು. ವಕೀಲರು ಎದ್ದರು. ಎದುರಾಳಿಗೆ ಪ್ರಶ್ನೆ ಕೇಳುವ ಅವಕಾಶವಿತ್ತು.

"ಬಾಯಾರ, ಕಂದೀಲಾ ಅಂದ್ರಲ್ಲ. ಆ ದೃಶ್ಯ ಹಗಲಿನದೋ ರಾತ್ರಿದೋ?"

"ಕಂದೀಲಾ ಹಚ್ಚತಾಳ ಅಂದ ಮ್ಯಾಲೆ ಸಂಜೀ ಇರಬೇಕು."

"ಇರಬೇಕು?"

ಆ ಒಂದು ಶಬ್ದವನ್ನು ಅವರು ಹಿಡಿದುಕೊಂಡರು. ಜೇಬಿನಿಂದ ಕೈ ಹೊರಗೆ ಬಂತು. ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದರು. ಅಷ್ಟರಲ್ಲಿ ಬಾಯಾರ ಮುಖವನ್ನು ನೋಡಿದರು. ಬಾಯಾರು ವಕೀಲರು ನಿಂತ ಕಡೆಗಲ್ಲ, ಸ್ವಲ್ಪ ಎಡಕ್ಕೆ, ಖಾಲಿ ಗೋಡೆಯ ಕಡೆಗೆ ತಿರುಗಿ ಉತ್ತರ ಕೊಡುತ್ತಿದ್ದರು. ವಕೀಲರ ಬಾಯಿ ಮುಚ್ಚಿತು. "ನನ್ನ ಪ್ರಶ್ನೆ ಮುಗದ್ವು" ಎಂದು ಕೂತುಬಿಟ್ಟರು.

ಅವರಿಗೆ ಆ ಕ್ಷಣ ತಿಳಿದದ್ದು ನನಗೂ ಅದೇ ಕ್ಷಣ ತಿಳಿಯಿತು. ಓದಿ ಹೇಳಿದ ಮಾತುಗಳು, ತೋಳು, ಬಸ್ಸಿನ ಮುಂದಿನ ಸೀಟು, ಉತ್ತರಪತ್ರಿಕೆಯನ್ನು ವಿದ್ಯಾರ್ಥಿಯ ಕೈಗೇ ಕೊಟ್ಟು "ನೀ ಬರದದ್ದು ನೀನ ಓದು, ಅಂದ್ರ ತಪ್ಪು ತಿಳೀತೈತಿ" ಎನ್ನುತ್ತಿದ್ದುದು. ಎಲ್ಲ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು.

ವಕೀಲರು ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವರು ಬಿಟ್ಟಿದ್ದರು ಕೂಡ. ಬಿಡದವರು ಬಾಯಾರು.

"ಕುಂದರಬ್ಯಾಡ್ರಿ ವಕೀಲರ. ನಿಮಗ ಏನೋ ಗೊತ್ತಾಗೇತಿ. ಹೇಳ್ರಿ."

"ಏನಿಲ್ಲ ಬಿಡ್ರಿ ಬಾಯಾರ."

"ಸಾಕ್ಷಿ ಸುಳ್ಳು ಹೇಳಾಕತ್ತಾಗ ನೀವು ಕೋರ್ಟಿನ್ಯಾಗ ಹಿಂಗ ಕುಂದರ್ತೀರೇನು? ನಾ ಏನ ತಪ್ಪು ಹೇಳಿದೆ?"

ವಕೀಲರು ಎದ್ದರು. ಅವರ ದನಿ ಸಣ್ಣದಾಗಿತ್ತು. "ಅದು ಸಂಜೀ ಅಲ್ಲರಿ. ಖಡಕ್ ಮಧ್ಯಾಹ್ನ. ಕಂದೀಲಾ ಇಲ್ಲ."

ಮೈಕಿನ ಕಂಬದ ಮೇಲೆ ಬಾಯಾರ ಬೆರಳು ಬಡಿಯುತ್ತಿತ್ತು. ಆಮೇಲೆ ಪಾಠ ಹೇಳುವ ದನಿಯಲ್ಲೇ ಹೇಳಿದರು, "ನನಗ ಬರೇ ಬಿಳೀದು ಕಂಡಿತ್ತು. ಸಂಜೀ ಮಂಜು ಅನಕೊಂಡಿದ್ದೆ. ಎಲ್ಲಾರಿಗೂ ಹೇಳಿಬಿಡ್ತೇನಿ, ನನಗ ಕಾಣ್ಸೂದಿಲ್ಲ. ಮೊದಲು ರಾತ್ರಿ ಕಾಣ್ಸತಿರ್ಲಿಲ್ಲ, ಆಮ್ಯಾಲೆ ಆಜೂಬಾಜೂ ಹೋತು, ಈಗ ನಟ್ಟನಡುವಿನದೂ ಹೋಗೇತಿ. ಡಾಕ್ಟರು ಇದಕ್ಕ ಔಷಧ ಇಲ್ಲ ಅಂತ ಎಂದೋ ಹೇಳ್ಯಾರ. ಆ ಸಿನಿಮಾ ನಾ ನೋಡಿಲ್ಲ, ಕೇಳೇನಿ."

ಯಾರೋ "ಅಯ್ಯ ಪಾಪ" ಎಂದರು.

"ಪಾಪ ಅನ್ನಾವ್ರು ಹೊರಗ ಹೋಗಿ ಗಿರ್ಮಿಟ್ ತಿನ್ರಿ. ಚರ್ಚೆ ಮುಗಿದಿಲ್ಲ" ಎಂದರು ಬಾಯಾರು. "ವಕೀಲರ, ಆ ಕೊನೇ ದೃಶ್ಯ ಹೇಳ್ರಿ. ಏನೂ ಬಿಡಬ್ಯಾಡ್ರಿ."

ವಕೀಲರು ಹೇಳಿದರು. ನಾನು ಅವರ ಅನೇಕ ಭಾಷಣ ಕೇಳಿದ್ದೇನೆ. ಆ ದಿನ ಹೇಳಿದಂತೆ ಎಂದೂ ಹೇಳಿದ್ದು ಕೇಳಿಲ್ಲ. ಸುತ್ತ ಕಣ್ಣು ಕುಕ್ಕುವ ಬಿಳಿ ಉಪ್ಪು. ಬಂಡಿ ನಿಂತಿದೆ. ಮುದುಕಿ ಒಂದು ಗಂಟು ಹಿಡಿದು ಮನೆಯಿಂದ ಹೊರಗೆ ಬರುತ್ತಾಳೆ. ಬಾಗಿಲು ಎಳೆಯುತ್ತಾಳೆ, ಹೊರಗಿನಿಂದ. ಕೀಲಿ ಹಾಕುತ್ತಾಳೆ.

"ಹೊರಗಿನಿಂದ?" ಎಂದರು ಬಾಯಾರು.

"ಹೌದ್ರಿ. ತಾನ."

"ಆಮ್ಯಾಲೆ ಒಂದು ಸಪ್ಪಳ ಬರ್ತೈತಿ. ಮೊಳಿಗೆ ಕಬ್ಬಿಣ ತಾಗಿದ್ದು. ಅದು ಕಂದೀಲಲ್ಲೇನು?"

"ಅಲ್ಲ. ಕೀಲಿಕೈ. ಬಾಗಲದ ಬಾಜೂಕ್ಕ ಒಂದು ಮೊಳಿ ಅದ. ಅದಕ್ಕ ಹಾಕ್ತಾಳ. ಯಾರರೆ ಬಂದ್ರ ಸಿಗಲಿ ಅಂತ."

"ಮಗಳು ಕೈ ಹಿಡಿದು ಹತ್ತಿಸ್ತಾಳೇನು ಬಂಡಿ?"

"ಕೈ ಚಾಚ್ತಾಳ. ಮುದುಕಿ ಹಿಡಿಯೂದಿಲ್ಲ. ತಾನ ಹತ್ತಿ ಕೂಡ್ತಾಳ. ಕೂಸು ಆಕಿ ಟೊಪಿಗಿ ಎಳೀತದ, ನಗ್ತದ. ಅದ ನಗೀ ನೀವು ಕೇಳಿದ್ದು. ಬಂಡಿ ಹೊಂಡ್ತದ. ಗಾಳಿ."

"ತಿರುಗಿ ನೋಡ್ತಾಳೇನ್ರಿ?"

ವಕೀಲರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಇಲ್ಲ. ನೋಡೂದಿಲ್ಲ."

ಬಾಯಾರು ತಲೆ ತಗ್ಗಿಸಿ ನಿಂತರು. ಅತ್ತಾರೆಂದು ನಾನು ಅರ್ಧ ಎದ್ದೆ. ಅವರು ತಲೆ ಎತ್ತಿದಾಗ ಮುಖದ ತುಂಬ ಬೆಳಕಿತ್ತು, ಕಠಿಣ ಲೆಕ್ಕವೊಂದನ್ನು ಬಿಡಿಸಿದಾಗ ಇರುತ್ತಿತ್ತಲ್ಲ, ಹಾಗೆ.

"ನಾ ಇಷ್ಟೊತ್ತನ ಮಾಡಿದ ವಾದ ವಾಪಸ್ ತಗೋತೇನಿ. ಅದು ತಪ್ಪು. ಆದ್ರ ಸಿನಿಮಾ ವಾಪಸ್ ತಗೋಳೂದಿಲ್ಲ. ಇದು ನಾ ತಿಳಕೊಂಡದ್ದಕಿಂತ ದೊಡ್ಡ ಸಿನಿಮಾ. ಯಾಕ ಅಂತ ಕೇಳ್ರಿ. ಮೊದಲನೇದ್ರಾಗ ಅಪ್ಪ ಆಕಿನ್ನ ಉಪ್ಪಿನ ಆಗರಕ್ಕ ತಂದು ಬಿಟ್ಟು ಹೋದ. ಎರಡನೇದ್ರಾಗ ಆಕಿ ಓಡಿ ಹೊಂಟಾಗ ಗಂಡ ಹಿಡಕೊಂಡು ಬಂದ. ಎರಡೂ ಸಲ ಬಾಗಲಾ ಹಾಕಿದಾವ್ರು ಬ್ಯಾರೇದಾವ್ರು. ಮೂರನೇದ್ರಾಗೂ ಆಕಿ ಅಲ್ಲೇ ಉಳಿದಿದ್ರ ಅದು ಎರಡನೇದ ಮತ್ತೊಮ್ಮೆ ಆಗತಿತ್ತು. ಅದನ್ನ ದೊಡ್ಡದು ಅಂತ ಇಷ್ಟು ವರ್ಷ ಹೇಳಿಕೋತ ತಿರುಗಿದೆ, ನೋಡ್ರಿ ನನ್ನ ಶ್ಯಾಣ್ಯಾತನ! ಈ ಸಲ ಬಾಗಲಾ ಆಕೀನ ಹಾಕಿದ್ಲು. ಕೀಲಿ ಆಕೀನ ಇಟ್ಲು. ಇಂಥ ಮೂರನೇದು ನಿಮ್ಮ ಕುದರಿಗಳ ಹತ್ರ ಐತೇನ್ರಿ?"

ಕೈ ಎತ್ತುವ ಹೊತ್ತು ಬಂತು. ಕುದುರೆಗಳು ಗೆದ್ದವು, ನಾಲ್ಕೈದು ಕೈ ಹೆಚ್ಚು. ಬಾಯಾರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು, "ವಕೀಲರು ಯಾವುದಕ್ಕ ಎತ್ತಿದ್ರು? ಖರೇ ಹೇಳು."

"ಕುದರಿಗೇ ರೀ." ಹೇಳಲು ನನಗೆ ಸಂಕಟವಾಯಿತು.

ಬಾಯಾರು ನನ್ನ ತೋಳು ಹಿಡಿದು ನೆಟ್ಟಗೆ ವಕೀಲರ ಬಳಿಗೆ ನಡೆದರು. "ಛಲೋ ಮಾಡಿದ್ರಿ. ನನ್ನ ಕಣ್ಣು ನೋಡಿ ಉಪ್ಪಿಗೆ ಕೈ ಎತ್ತಿದ್ರ, ನಿಮ್ಮ ಕೂಡ ಮಾತು ಬಿಡತಿದ್ದೆ."

"ಎತ್ತಬೇಕು ಅನಿಸಿತ್ತು ಬಾಯಾರ" ಎಂದರು ವಕೀಲರು. "ನೀವು ಹೊಡೀತೀರಿ ಅಂತ ಬಿಟ್ಟೆ."

ಆ ರಾತ್ರಿ ಬಸ್ಸಿನಲ್ಲಿ ಉಣಕಲ್ ಹತ್ತಿರ ಬಂದಾಗ ಬಾಯಾರು ಅಂದರು, "ಸೋಮವಾರ ಪ್ರಿನ್ಸಿಪಾಲರಿಗೆ ಹೇಳತೇನಿ. ಅರವತ್ತು ಮಂದಿ ಮುಂದ ಹೇಳೀನಿ, ಒಬ್ಬಾವಗ ಹೇಳಾಕೇನು?" ನಾನು ಏನೋ ಸಮಾಧಾನ ಹೇಳಹೋದೆ. ಆ ಮುದುಕಿ ಬಾಗಿಲು ಹಾಕಿದ ಹಾಗೆ ನೀವೂ ಎಂದೇನೋ ಶುರುಮಾಡಿದ್ದೆ. "ಸಾಕು" ಎಂದರು. "ಬದುಕನ್ನ ಸಿನಿಮಾಕ್ಕ ಹೋಲಿಸಬ್ಯಾಡ. ಎರಡಕ್ಕೂ ಅವಮಾನ."

ಪ್ರಿನ್ಸಿಪಾಲರು ಕೆಟ್ಟವರಲ್ಲ, ಹೆದರುವವರು. ಬಾಯಾರ ಮಾತು ಕೇಳಿ, ಸ್ವಯಂ ನಿವೃತ್ತಿ ತೆಗೆದುಕೊಳ್ಳಿ, ಗೌರವದಿಂದ ಕಳಿಸಿಕೊಡುತ್ತೇವೆ ಎಂದರು. ನಾನೂ ಜೊತೆಗಿದ್ದೆ.

"ಗೌರವ ಆಮ್ಯಾಲೆ ನೋಡೂಣ್ರಿ. ಈಗ ಮೂರನೇ ತಾಸು ನನ್ನ ಕ್ಲಾಸ್ ಐತಿ, ನೀವು ಬಂದು ಕುಂದರ್ರಿ" ಎಂದರು ಬಾಯಾರು.

ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತೆ. ಬಾಯಾರು ತರಗತಿಗೆ ತಮ್ಮ ಕಣ್ಣಿನ ವಿಷಯ ನಾಲ್ಕು ಮಾತಿನಲ್ಲಿ ತಿಳಿಸಿ, ಒಬ್ಬ ಹುಡುಗಿಯನ್ನು ಕರೆದು ಸೀಮೆಸುಣ್ಣ ಕೊಟ್ಟರು. ತಾವು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಹಲಗೆ ಅರ್ಧ ತುಂಬಿದಾಗ ತಟ್ಟನೆ, "ನಿಲ್ಲು. ಅಲ್ಲಿ ಮೈನಸ್ ಬರೀ ಅಂದೆ, ಪ್ಲಸ್ ಬರದಿ" ಎಂದರು. ಹುಡುಗಿ ನೋಡಿಕೊಂಡಳು. ಹೌದು. "ಹೆಂಗ ಗೊತ್ತಾತ್ರಿ ಬಾಯಾರ?" ಎಂದಳು. "ಮೈನಸ್ಸಿಗೆ ಒಂದು ಗೆರಿ, ಪ್ಲಸ್ಸಿಗೆ ಎರಡು. ಸುಣ್ಣದ ಸಪ್ಪಳ ಎರಡು ಸಲ ಬಂತು." ತರಗತಿ ಕೇಕೆ ಹಾಕಿತು. ಆದರೆ ಅದೇ ತಾಸಿನಲ್ಲಿ ಇನ್ನೊಂದು ಹುಡುಗಿ ಬೇರೊಂದು ಸಂಖ್ಯೆ ತಪ್ಪು ಬರೆದದ್ದು ಬಾಯಾರಿಗೆ ತಿಳಿಯಲಿಲ್ಲ. ಲೆಕ್ಕದ ಉತ್ತರ ಸರಿ ಬರಲಿಲ್ಲ. "ನಾ ಹಿಡೀಲಿಲ್ಲ ಅಂದ್ರ ನೀವು ಹಿಡೀಬೇಕು. ಇನ್ನ ಮ್ಯಾಲೆ ಇದ ನಿಯಮ" ಎಂದು ಎಲ್ಲರಿಗೂ ಮೊದಲಿನಿಂದ ಹುಡುಕಲು ಹಚ್ಚಿದರು. ತಪ್ಪು ಸಿಕ್ಕಾಗ ಪ್ರಿನ್ಸಿಪಾಲರೂ ಬೆಂಚಿನಿಂದ ಎದ್ದು ನಿಂತಿದ್ದರು. ಬಾಯಾರು ನಿವೃತ್ತಿಯ ವಯಸ್ಸಿನವರೆಗೂ ಪಾಠ ಹೇಳಿದರು.

ಕುದುರೆ ಸಿನಿಮಾಗಳಿಗೆ ಮೂರು ಸಂಜೆಯೂ ಜನ ಕಿಕ್ಕಿರಿದು ಬಂದರು. ಸೊಸೈಟಿ ಮುಂದೆ ಕೆಲವು ವರ್ಷ ಉಸಿರಾಡಿತು. ಬಾಯಾರು ಮೂರಕ್ಕೂ ಬಂದು, ವಕೀಲರನ್ನು ಬಲಕ್ಕೆ, ನನ್ನನ್ನು ಎಡಕ್ಕೆ ಕೂರಿಸಿಕೊಂಡರು. ಇಬ್ಬರೂ ಎರಡು ಕಿವಿಯಲ್ಲಿ ಎರಡು ರೀತಿ ಹೇಳುತ್ತಿದ್ದೆವು. ನಾನು "ಕೆಂಪು ಕುದರಿ" ಎಂದರೆ ವಕೀಲರು "ಕಂದು" ಎನ್ನುವರು. "ಯಾರರೆ ಒಬ್ಬರು ಹೇಳ್ರಿ, ಕುದರಿ ಅಲ್ಲೇ ನಿಂತುಬಿಟ್ಟೈತಿ" ಎಂದು ಬಾಯಾರು ಬೈದಾಗ ಮುಂದಿನ ಸಾಲು ನಕ್ಕಿತು. ಮೂರನೆಯದು ಮುಗಿದಾಗ ವಕೀಲರು ಹೇಗಿತ್ತೆಂದು ಆಸೆಯಿಂದ ಕೇಳಿದರು. ಬಾಯಾರು, "ಕುದರಿ ಛಲೋ ಅದಾವ. ಮ್ಯಾಲೆ ಕುಂತಾವ್ರು ಸುಮಾರು" ಎಂದರು.

ಎರಡು ಸಾವಿರದ ನಂತರದ ದಿನಗಳು. ಸೊಸೈಟಿ ಕೊನೆಗೂ ಮುಚ್ಚಿತು. ಯಾರೂ ದೊಡ್ಡ ದುಃಖ ಮಾಡಲಿಲ್ಲ. ಡಿವಿಡಿಯಲ್ಲಿ ಎಲ್ಲ ಸಿಗುತ್ತಿತ್ತು, ಜಗಳ ಬೆಂಗೇರಿಯ ಬಾಯಾರ ಮನೆಗೆ ಸ್ಥಳಾಂತರವಾಗಿತ್ತು. ಐತವಾರ ಪ್ರಾರ್ಥನೆ ಮುಗಿಸಿ ಅವರು ಬರುವಷ್ಟರಲ್ಲಿ ವಕೀಲರು ಧಾರವಾಡದಿಂದ ಪೇಡೆ ಹಿಡಿದು ಬಂದು ಮನೆ ಮುಂದಿನ ಪಾವಟಿಗೆಯ ಮೇಲೆ ಕೂತಿರುತ್ತಿದ್ದರು. ಅವರ ಹೆಂಡತಿ ಒಮ್ಮೆ ನನ್ನೊಡನೆ, "ಇವರು ಕೋರ್ಟಿನ ಕಾಗದಾ ಇಷ್ಟು ತಯಾರಿ ಮಾಡಿ ಹೋಗೂದಿಲ್ಲ" ಎಂದಿದ್ದರು.

ಬಾಯಾರ ಆರೋಗ್ಯ ಕೆಡುತ್ತ ಬಂತು. ಹೃದಯ ದುರ್ಬಲವಾಗಿ, ನಾಲ್ಕು ಹೆಜ್ಜೆ ನಡೆದರೆ ಕೂರಬೇಕಾಗುತ್ತಿತ್ತು. ದನಿ ಮಾತ್ರ ಕೆಳಗಿನ ಸಾಲಿನಲ್ಲೇ ಗಟ್ಟಿಯಾಗಿ ನಿಂತಿತ್ತು. ಒಂದು ಶುಕ್ರವಾರ ಕಾಲೇಜು ಮುಗಿಸಿ ಹೋದಾಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಉಪ್ಪಿನ ಮೂರನೆಯದನ್ನು ಹಚ್ಚಲೇ ಎಂದು ಕೇಳಿದೆ.

"ಬ್ಯಾಡ. ಕುದರೀದು ಹಚ್ಚು. ಎರಡನೇದು."

ನಾನು ಕೇಳಿದ್ದು ಸರಿಯೇ ಎಂದು ಮತ್ತೆ ಕೇಳಿಕೊಂಡು, ಹಚ್ಚಿದೆ. ಪಕ್ಕದಲ್ಲಿ ಕೂತು ಹೇಳುತ್ತ ಹೋದೆ. ಅಷ್ಟು ವರ್ಷದ ರೂಢಿಯಿಂದ ನನಗೂ ಹೇಳುವುದು ಬಂದಿತ್ತು. ಏನನ್ನು ಹೇಳಬೇಕು, ಎಲ್ಲಿ ಸುಮ್ಮನಿದ್ದು ಸಪ್ಪಳವನ್ನು ಕೇಳಗೊಡಬೇಕು ಎಂಬುದು. ಬಾಯಾರು ಒಮ್ಮೆಯೂ ಅಡ್ಡ ಮಾತಾಡಲಿಲ್ಲ. ಕುದುರೆಗಳು ನದಿಗೆ ಇಳಿದಾಗ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಮುಗಿಯಿತು.

"ಹೆಂಗಿತ್ರಿ ಬಾಯಾರ?"

"ಛಲೋ ಐತಿ" ಎಂದರು. "ಭಾಳ ಛಲೋ ಐತಿ. ವಕೀಲರು ಇದರಾಗಿಂದ ಅರ್ಧಾನೂ ಹೇಳಿಲ್ಲ ನೋಡು. ತಮ್ಮ ವಾದ ತಮಗ ಬರೂದಿಲ್ಲ ಅವರಿಗೆ."

"ಹಂಗಾದ್ರ ಒಪ್ಪಕೊಂಡ್ರೇನ್ರಿ?"

"ನಾ ಯಾಕ ಒಪ್ಪಲಿ?" ದಿಂಬಿನಿಂದ ಬೆನ್ನು ಎತ್ತಿ ನೆಟ್ಟಗೆ ಕೂತರು. "ನಾಡದ ಬರ್ತಾರ ಅವರು. ಎದುರಿನವರ ವಾದ ಅವರಕಿಂತ ಛಲೋ ಗೊತ್ತಿರಬೇಕು ನಮಗ. ಇನ್ನೊಮ್ಮೆ ಹಚ್ಚು ತಂಗಿ. ಆ ನದಿ ದಾಟೂದು ಸಾವಕಾಶ ಹೇಳು, ಮೊದಲು ಯಾವ ಕುದರಿ ಇಳೀತು ಅಲ್ಲಿಂದ."

ನಾನು ಎದ್ದು ಮತ್ತೆ ಹಚ್ಚಿದೆ.